ಪುಡಿಂಗ್ ಹಂಡೆಯ ತಳ

"ಮೂವತ್ತನಾಲ್ಕು ವರ್ಷ ಈ ಊರಿನ ಒಂಬೈನೂರು ಟೆಲಿಫೋನುಗಳನ್ನ ಮಾತಾಡಿಸಿದವನು ನಾನು. ಒಂದು ತುಂಡು ತಗಡಿಗೋಸ್ಕರ ಅಂಗಡಿ ಮೆಟ್ಟಿಲು ಹತ್ತೋದಿಲ್ಲ."

ಸಂಜೆಯ ಊಟದ ಮೇಜಿನ ಮುಂದೆ ಡೆನ್ಜಿಲ್ ಟ್ರೆಝೈಸ್ ಹೀಗೆಂದು ಘೋಷಿಸಿದಾಗ ಅವನ ಹೆಂಡತಿ ವಾಲ್ಮಾ ಮಾಂಸ ತುಂಬಿದ ಪಾಸ್ಟಿ ಕಡುಬಿನ ಅಂಚು ಮುರಿಯುತ್ತ "ಹ್ಞೂಂ" ಎಂದಳು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಇಂಥ ಘೋಷಣೆಗಳನ್ನು ಬಹಳ ಕೇಳಿದ್ದಳು. ಘೋಷಣೆ ಅವನದು, ಅದರ ದಂಡ ತೆರುತ್ತಿದ್ದುದು ಅವಳ ಅಡುಗೆಮನೆ.

ಹಾಗೆಂದು ಡೆನ್ಜಿಲ್ ಕೆಟ್ಟ ಕೆಲಸಕ್ಕೇನೂ ಹೊರಟಿರಲಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ಆ ಹಳೆಯ ತಾಮ್ರದ ಗಣಿಯೂರಿನಲ್ಲಿ, ಚರ್ಚಿನ ಮಹಿಳಾ ಸಂಘದವರು ಪ್ರತಿ ನವೆಂಬರಿನ ಕೊನೆಯ ಶನಿವಾರ ವಾಲ್ಮಾಳ ಮನೆಯಲ್ಲಿ ಸೇರಿ ಹನ್ನೆರಡು ಕ್ರಿಸ್‌ಮಸ್ ಪುಡಿಂಗ್ ಬೇಯಿಸುತ್ತಿದ್ದರು. ಆ ವರ್ಷ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರ ಮನೆಗೆ ಒಂದೊಂದು ಪುಡಿಂಗ್ ಹೋಗುತ್ತಿತ್ತು. ಮೊದಲ ಒಂಟಿ ಕ್ರಿಸ್‌ಮಸ್ ದಿನ ಯಾರ ಮೇಜೂ ಬರಿದಾಗಿರಬಾರದೆಂದು ವಾಲ್ಮಾಳ ತಾಯಿ ಎಲ್ವಾ ಶುರು ಮಾಡಿದ ಪದ್ಧತಿ ಅದು. ಅರವತ್ತೇಳು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಈ ಸಲದ ಹನ್ನೆರಡರಲ್ಲಿ ಒಂದು ಡೆನ್ಜಿಲನ ಜೀವದ ಗೆಳೆಯ ರೋಲಿಗೆ ಹೋಗಬೇಕಿತ್ತು. ರೋಲಿಯ ಹೆಂಡತಿ ಮರ್ಲ್ ಜುಲೈ ತಿಂಗಳಲ್ಲಿ ತೀರಿಕೊಂಡಿದ್ದಳು. ಮೂವತ್ತು ವರ್ಷ ಪುಡಿಂಗಿನ ಬಟ್ಟೆಗೆ ಗಂಟು ಹಾಕಿದವಳು ಅವಳೇ.

ಈ ಅರವತ್ತೇಳು ವರ್ಷದಲ್ಲಿ ದುಡಿದ ಇಪ್ಪತ್ತಾರು ಹೆಂಗಸರ ಹೆಸರುಗಳನ್ನು ಒಂದು ಮರದ ಹಲಗೆಯ ಮೇಲೆ ಬರೆಸಿ ಚರ್ಚಿನ ಸಭಾಂಗಣದಲ್ಲಿ ತೂಗುಹಾಕಬೇಕೆಂದು ಸಂಘ ನಿರ್ಧರಿಸಿತು. "ಬರೆಸೋದ್ಯಾಕೆ? ನಾನು ಲೇಸರಿನಲ್ಲಿ ಸುಟ್ಟುಕೊಡ್ತೀನಿ" ಎಂದು ಮುಂದೆ ಬಂದವನು ಡೆನ್ಜಿಲ್. ಹಳೆಯ ಎರಡು ಪ್ರಿಂಟರುಗಳ ಹೊಟ್ಟೆ ಬಗೆದು, ಮರದ ಮೇಲೆ ಅಕ್ಷರ ಸುಡುವ ಯಂತ್ರವೊಂದನ್ನು ತನ್ನ ಶೆಡ್ಡಿನಲ್ಲಿ ತಾನೇ ಕಟ್ಟಿದ. ಯಂತ್ರ ಚೆನ್ನಾಗಿಯೇ ಇತ್ತು. ತಕರಾರು ಇದ್ದದ್ದು ಲೇಸರಿಗೆ ವಿದ್ಯುತ್ತನ್ನು ಅಳೆದು ಉಣಿಸುವ ಪುಟ್ಟ ಸರ್ಕಿಟ್ಟಿನಲ್ಲಿ. ಅದರೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ಹೆಬ್ಬೆರಳ ಉಗುರಿನಷ್ಟಿತ್ತು, ಸಿಟ್ಟು ಮಾತ್ರ ಸೀಮೆಗಿಲ್ಲದ್ದು. ನಾಲ್ಕು ನಿಮಿಷಕ್ಕೆ ಕಾದು ಕೆಂಡವಾಗಿ, 'ನನ್ನ ಕೈಲಾಗದು' ಎಂದು ತಾನೇ ನಿಂತುಬಿಡುತ್ತಿತ್ತು. ಪಟ್ಟಿಯ ಮೊದಲ ಹೆಸರು ಎಲ್ವಾಳದು. ಇಂಗ್ಲಿಷಿನ ನಾಲ್ಕು ಅಕ್ಷರಗಳಲ್ಲಿ ಎರಡನ್ನು ಬರೆದು ಯಂತ್ರ ಉಸಿರು ಬಿಟ್ಟಿತು.

ವಾಲ್ಮಾ ಬಂದು ನೋಡಿ, "ಅಮ್ಮ ಬದುಕಿದ್ದಾಗಲೂ ಅಷ್ಟೆ. ನೀನು ಅವಳ ಮಾತನ್ನ ಅರ್ಧಕ್ಕೆ ಬಿಟ್ಟು ಎದ್ದು ಹೋಗ್ತಿದ್ದೆ" ಎಂದಳು.

ಇದಕ್ಕೆ ಮದ್ದು ಸುಲಭದ್ದು. ಚಿಪ್ಪಿನ ಬೆನ್ನಿಗೆ ಅದರ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ತುಂಡೊಂದನ್ನು ಬಿಗಿಯಬೇಕು. ಹೀಟ್ ಸಿಂಕ್ ಎನ್ನುತ್ತಾರೆ. ಪಕ್ಕದ ಕಡೀನಾ ಪೇಟೆಯಲ್ಲಿ ಒಂದು ಪಾಸ್ಟಿಯ ಬೆಲೆಗೆ ಸಿಗುತ್ತದೆ. ಆದರೆ ಕೊಂಡುತಂದರೆ ಕಲೆ ಎಲ್ಲಿ ಬಂತು? ಆ ಸಂಜೆಯ ಘೋಷಣೆ ಹುಟ್ಟಿದ್ದು ಹೀಗೆ.

ಮೊದಲ ಪ್ರಯೋಗ ಸಾರ್ಡೀನ್ ಮೀನಿನ ಡಬ್ಬಿಯ ಮೇಲೆ ನಡೆಯಿತು. ಡಬ್ಬಿ ಬಿಸಿಯಾದಂತೆ ಅದರ ಸಂದಿಯಲ್ಲಿ ಉಳಿದಿದ್ದ ಎಣ್ಣೆಯೂ ಬಿಸಿಯಾಗಿ, ಬೀದಿಯ ಮೂರು ಬೆಕ್ಕುಗಳು ಶೆಡ್ಡಿನ ಬಾಗಿಲಲ್ಲಿ ವಿಜ್ಞಾನಾಸಕ್ತಿಯಿಂದ ಕುಳಿತವು. ಆಮೇಲೆ, ಚಿಕ್ಕಂದಿನಿಂದ ಕೂಡಿಟ್ಟಿದ್ದ ತಾಮ್ರದ ಹಳೆಯ ದೊಡ್ಡ ಪೆನ್ನಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಬೋಲ್ಟು ಬಿಗಿದ. ಬಿಸಿ ಮೊದಲ ಪೆನ್ನಿಯನ್ನು ದಾಟಲಿಲ್ಲ. ಕೇಕಿನ ತಟ್ಟೆಯೊಂದು ಮಾಯವಾಯಿತು. ಟೋಸ್ಟರಿನ ಒಳಗಿನ ಅಭ್ರಕದ ಹಾಳೆ ಮಾಯವಾಗಿ, ಬ್ರೆಡ್ಡು ಒಂದೇ ಕಡೆ ಬೇಯತೊಡಗಿತು. ಕಡೆಗೆ ದೊಡ್ಡ ಪಾತ್ರೆಯ ಅಲ್ಯೂಮಿನಿಯಂ ಮುಚ್ಚಳ ಎರಡು ದಿನ ಊರು ಬಿಟ್ಟು, ನಡುವೆ ಒಂದು ತೂತಿನೊಂದಿಗೆ ವಾಪಸು ಬಂತು.

"ಇದೇನು?" ಎಂದಳು ವಾಲ್ಮಾ, ಆ ತೂತಿನಲ್ಲಿ ಕಣ್ಣಿಟ್ಟು ಗಂಡನನ್ನು ನೋಡುತ್ತ.

"ಆವಿ ಹೋಗೋಕೆ ಅನುಕೂಲ ಆಗಲಿ ಅಂತ."

"ನನ್ನ ತಲೆಯಿಂದ ಹೋಗ್ತಿರೋ ಆವಿಗೆ ಎಲ್ಲಿ ತೂತು ಕೊರೀತೀಯ?"

ಆ ದಿನವೇ ಡೆನ್ಜಿಲ್, ತೀರಿಹೋದ ತನ್ನ ತಾಯಿಯ ಮೇಲೆ ಆಣೆಯಿಟ್ಟ: ಇನ್ನು ಮೇಲೆ ಅಡುಗೆಮನೆಯ ಒಂದು ಚಮಚವನ್ನೂ ಮುಟ್ಟುವುದಿಲ್ಲ. ಅವನು ಮಾತಿಗೆ ತಪ್ಪುವವನಲ್ಲ. ಆಣೆಯನ್ನು ಅಕ್ಷರಶಃ ಪಾಲಿಸಿದ. ಅಡುಗೆಮನೆಯ ಹಿಂಬಾಗಿಲಿನಿಂದ ಹನ್ನೊಂದು ಹೆಜ್ಜೆ ದೂರದಲ್ಲಿ, ಶೆಡ್ಡಿಗೆ ಅಂಟಿಕೊಂಡಂತೆ, ಬಟ್ಟೆ ಒಗೆಯುವ ಹಳೆಯ ಕೋಣೆಯಿತ್ತು. ಅದು ಅಡುಗೆಮನೆ ಅಲ್ಲವಲ್ಲ!

ಸುಣ್ಣದ ಕಲ್ಲಿನ ಆ ಪುಟ್ಟ ಕೋಣೆ ಎಲ್ವಾಳ ಕಾಲದ್ದು. ವಾಷಿಂಗ್ ಮೆಷೀನು ಮನೆಯೊಳಗೆ ಬಂದ ಮೇಲೆ ಅದರ ಬಾಗಿಲು ತೆರೆಯುವುದು ಅಪರೂಪವೆಂದು ಡೆನ್ಜಿಲ್ ತಿಳಿದಿದ್ದ. ಮೂಲೆಯಲ್ಲಿ, ಇಟ್ಟಿಗೆಯ ಒಲೆಯ ಮೇಲೆ, ಮರದ ಮುಚ್ಚಳದ ತಾಮ್ರದ ಹಂಡೆ. ಮುಚ್ಚಳದ ಮೇಲೆ ಜೆರೇನಿಯಂ ಕುಂಡಗಳು, ಬಟ್ಟೆ ಕ್ಲಿಪ್ಪುಗಳ ಬುಟ್ಟಿ. ನಲವತ್ತೊಂದು ವರ್ಷದಿಂದ ಅವನು ಅದನ್ನು ನೋಡುತ್ತಲೇ ಇದ್ದ, ಒಂದು ಬಗೆಯ ಮೇಜು ಎಂದುಕೊಂಡು. ಗಂಡಸರು ಮನೆಯಲ್ಲಿ ಯಾವುದನ್ನು ತಾವು ಬಳಸುವುದಿಲ್ಲವೋ ಅದನ್ನು ಹಳೆ ಸಾಮಾನು ಎನ್ನುತ್ತಾರೆ.

ಕುಂಡಗಳನ್ನು ಇಳಿಸಿ ಮುಚ್ಚಳ ಎತ್ತಿದಾಗ ಸೋಪಿನದೋ, ಹೊಗೆಯದೋ, ಎಂಥದೋ ಒಂದು ವಾಸನೆ ಬಂತು. ಡೆನ್ಜಿಲ್ ಬಗ್ಗಿ ಇನ್ನೊಮ್ಮೆ ಮೂಸಿದ. ಅವನ ತಾಯಿಗೂ ಇಂಥದೇ ಹಂಡೆಯಿತ್ತು. ಸೋಮವಾರ ಬಂತೆಂದರೆ ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿ, ಕೋಣೆಯೆಲ್ಲ ಹಬೆಯಾಗಿ, ಒಳಗಿದ್ದ ತಾಯಿ ಕಾಣುತ್ತಿರಲಿಲ್ಲ. ಕೆಮ್ಮು ಕೇಳಿಸುತ್ತಿತ್ತು, ಆಗಾಗ ಹಬೆಯೊಳಗಿಂದ ಕೆಂಪು ಕೈಯೊಂದು ಹೊರಗೆ ಬಂದು ಹಿಂಡಿದ ಹೊದಿಕೆಯ ತುದಿಯನ್ನು ಅವನ ಕೈಗೆ ಕೊಡುತ್ತಿತ್ತು. ಅವನೊಂದು ತುದಿ, ಅವಳೊಂದು ತುದಿ ಹಿಡಿದು ಜಾಡಿಸುವಾಗ ತಣ್ಣನೆಯ ಹನಿಗಳು ಮುಖಕ್ಕೆ ಬಡಿದು ಇಬ್ಬರೂ ನಗುತ್ತಿದ್ದರು. ತಾಯಿ ನಕ್ಕದ್ದು ಅವನಿಗೆ ಈಗಲೂ ನೆನಪಿದೆ. ಅವಳ ಅಂಗೈ ಬಿರುಕುಗಳು ನೆನಪಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಕಣ್ಣು ಒದ್ದೆಯಾಯಿತು. ಆ ಒದ್ದೆ ಕಣ್ಣಿನಲ್ಲೇ ಹಂಡೆಯ ತಳ ನೋಡಿದ. ಎಂಥ ತಾಮ್ರ! ದಪ್ಪ, ಮಟ್ಟಸ, ಅಂಗೈಯಂತೆ ಸಪಾಟು. ಬಿಸಿ ಹೀರುವುದರಲ್ಲಿ ತಾಮ್ರವನ್ನು ಮೀರಿಸಿದ್ದು ಬೆಳ್ಳಿಯೊಂದೇ. ತಳವನ್ನು ಯಾರು ನೋಡುತ್ತಾರೆ? ಹಂಡೆಯನ್ನು ಒಲೆಯಿಂದ ಎತ್ತಿ ಬೋರಲು ಹಾಕಿ, ಅಂಗೈಯಗಲದ ಒಂದು ತುಂಡನ್ನು ಕತ್ತರಿಸಿ ತೆಗೆದ. ಹಂಡೆ ಮತ್ತೆ ಒಲೆಯ ಮೇಲೆ, ಮುಚ್ಚಳ ಹಂಡೆಯ ಮೇಲೆ, ಕುಂಡಗಳು ಮುಚ್ಚಳದ ಮೇಲೆ. ಎಲ್ಲ ಮೊದಲಿದ್ದ ಹಾಗೆಯೇ.

ಆ ತುಂಡಿನ ಮೇಲೆ ಚಿಪ್ಪು ಮಗುವಿನ ಹಾಗೆ ಮಲಗಿತು. ಒಂದು ಗಂಟೆ ಓಡಿದರೂ ಯಂತ್ರ ಬೆವರಲಿಲ್ಲ. ಎಲ್ವಾಳ ಹೆಸರು ಪೂರ್ತಿಯಾಗಿ, ಕಂದು ಬಣ್ಣದಲ್ಲಿ, ಸುಟ್ಟ ಸಕ್ಕರೆಯ ವಾಸನೆಯೊಂದಿಗೆ ಹಲಗೆಯ ಮೇಲೆ ಮೂಡಿತು. ವಾಲ್ಮಾ ಅದರ ಮೇಲೆ ಬೆರಳಾಡಿಸಿ ಗಂಡನ ಭುಜ ತಟ್ಟಿದಳು. ಯಂತ್ರದ ಪೆಟ್ಟಿಗೆಯೊಳಗೆ ಏನಿದೆಯೆಂದು ಅವಳು ಕೇಳಲಿಲ್ಲ. ಅವನು ಹೇಳಲೂ ಇಲ್ಲ. ಆ ವಾರವೆಲ್ಲ ಡೆನ್ಜಿಲ್ ಶೀಟಿ ಹಾಕುತ್ತ ಓಡಾಡಿದ. ಪ್ರತಿ ನವೆಂಬರಿನಲ್ಲಿ ಹೆಂಡತಿ ಕೇಳುವಂತೆ ಈ ಸಲವೂ ಒಂದು ತಳ್ಳುಗಾಡಿ ತುಂಬ ಮ್ಯಾಲಿ ಮರದ ಬೇರುಗಳನ್ನು ಸೀಳಿ, ಹಿತ್ತಲಲ್ಲಿ ಒಟ್ಟಿದ. ಗ್ಯಾಸ್ ಒಲೆಯಿರುವ ಮನೆಗೆ ಸೌದೆ ಯಾಕೆಂದು ಅವನು ಯಾವ ವರ್ಷವೂ ಕೇಳಿದವನಲ್ಲ.

ಪುಡಿಂಗಿನ ಶನಿವಾರಕ್ಕೆ ಇನ್ನು ಎರಡು ದಿನ. ಗುರುವಾರ ಬೆಳಗ್ಗೆ ವಾಲ್ಮಾ ಕುಂಡಗಳನ್ನು ಇಳಿಸಿ, ಹಂಡೆ ತೊಳೆಯಲೆಂದು ಎರಡು ಬಕೆಟ್ ನೀರು ಸುರಿದಳು. ನೀರು ಒಲೆಯ ಬಾಯಿಂದ ಹೊರಗೆ ಬಂದು, ಅವಳ ಚಪ್ಪಲಿ ತೋಯಿಸಿ, ಹೊಸಲು ದಾಟಿ, ಶೆಡ್ಡಿನಲ್ಲಿದ್ದ ಡೆನ್ಜಿಲನ ಕಾಲ ಬಳಿಗೆ ತಾನಾಗಿಯೇ ಹರಿಯಿತು. ಅಪರಾಧಿಯನ್ನು ಪೊಲೀಸ್ ನಾಯಿ ಹುಡುಕಿದ ಹಾಗೆ.

ಅವನು ಬಂದು ನೋಡಿದಾಗ ವಾಲ್ಮಾ ಹಂಡೆಯೊಳಗೆ ಬಗ್ಗಿದ್ದಳು. ಅವಳ ದನಿ ಒಳಗಿನಿಂದ ಗುಂಯ್ಯೆಂದು ಬಂತು.

"ಡೆನ್, ಇದರ ತಳ ಎಲ್ಲಿ?"

"ಒಂದು ತುಂಡು ಅಷ್ಟೆ… ಹಲಗೆಗೆ ಬೇಕಾಗಿತ್ತು. ಯಾರೂ ಬಳಸದೆ ಇದ್ದದ್ದು ಅಂತ—"

ಅವಳು ನೆಟ್ಟಗೆ ನಿಂತಳು. ಕೂದಲಿಗೆ ಮಸಿ ಮೆತ್ತಿತ್ತು.

"ಪುಡಿಂಗ್ ಯಾವುದರಲ್ಲಿ ಬೇಯುತ್ತೆ ಅಂದ್ಕೊಂಡಿದ್ದೆ?"

ಡೆನ್ಜಿಲ್ ಹಿಂಬಾಗಿಲ ಕಡೆ ಕೈ ತೋರಿಸಿದ. "ಅಡುಗೆಮನೆಯಲ್ಲಿ… ಪಾತ್ರೆಯಲ್ಲಿ."

"ಹನ್ನೆರಡೂ?"

ಅವನು ಆ ಲೆಕ್ಕ ಹಾಕಿರಲಿಲ್ಲ. ಹಾಕಬೇಕಾದ ಪ್ರಮೇಯ ಯಾವಾಗ ಬಂದಿತ್ತು? ಪುಡಿಂಗಿನ ಶನಿವಾರ ಮನೆ ತುಂಬ ಹೆಂಗಸರು. ಅವನೂ ರೋಲಿಯೂ ನಸುಕಿಗೇ ಏಡಿ ಹಿಡಿಯಲು ಸಮುದ್ರಕ್ಕೆ ಹೋಗಿಬಿಡುತ್ತಿದ್ದರು. ಸಂಜೆ ಬರುವ ಹೊತ್ತಿಗೆ ಜಗಲಿಯ ತೊಲೆಯಿಂದ ಹನ್ನೆರಡು ಬಿಳಿ ಗಂಟುಗಳು ಸಾಲಾಗಿ ತೂಗುತ್ತಿದ್ದವು. ಕೋಣೆ ತೊಳೆದಾಗಿರುತ್ತಿತ್ತು, ಬೂದಿ ಹೊರಗೆ ಹೋಗಿರುತ್ತಿತ್ತು, ಜೆರೇನಿಯಂ ಮುಚ್ಚಳದ ಮೇಲಿರುತ್ತಿತ್ತು. ನಲವತ್ತೊಂದು ಪುಡಿಂಗ್ ದಿನಗಳು ಅವನ ಮೂಗಿನ ಕೆಳಗೇ ನಡೆದುಹೋಗಿದ್ದವು, ಮೂಗಿಗೆ ಗೊತ್ತಾಗದಂತೆ. ಅವನು ಸೀಳಿಕೊಟ್ಟ ಸೌದೆಯಲ್ಲೇ.

ವಾಲ್ಮಾ ಕೂಗಾಡಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. ಹಿಟ್ಟು ಅಳೆದಿಟ್ಟಾಗಿದೆ, ಒಣದ್ರಾಕ್ಷಿ ಬ್ರಾಂದಿಯಲ್ಲಿ ನೆನೆದು ವಾರವಾಯಿತು, ಈ ಹಂಡೆ ಬಿಟ್ಟರೆ ಹನ್ನೆರಡು ಗಂಟುಗಳನ್ನು ಒಟ್ಟಿಗೆ ಆರು ಗಂಟೆ ಬೇಯಿಸುವ ಪಾತ್ರೆ ಈ ಊರಲ್ಲಿಲ್ಲ ಎಂದು ಬಟ್ಟೆ ಒಣಗಿಹಾಕುವಾಗ ಹೇಳುವ ದನಿಯಲ್ಲೇ ಹೇಳಿದಳು. ಆಮೇಲೆ, "ರೋಲಿಗೆ ಏನಂತ ಹೇಳ್ತೀಯ, ನೀನೇ ಯೋಚನೆ ಮಾಡು" ಎಂದು ಒಳಗೆ ಹೋದಳು.

ಡೆನ್ಜಿಲ್ ಆ ತುಂಡನ್ನು ಯಂತ್ರದಿಂದ ಬಿಚ್ಚಿ ಮತ್ತೆ ಬೆಸೆಯಲು ಕುಳಿತ. ಕತ್ತರಿಯ ಬಾಯಿಗೆ ಸಿಕ್ಕಿ ಅಂಚುಗಳು ಸೊಟ್ಟಗಾಗಿದ್ದವು. ಮೂರು ಕಡೆ ಕೂಡಿದರೆ ನಾಲ್ಕನೆಯ ಕಡೆ ಬಿಡುತ್ತಿತ್ತು. ಅದಕ್ಕಿಂತ ದೊಡ್ಡ ಅವಮಾನ ಮುಂದಿತ್ತು. ಮೂವತ್ತನಾಲ್ಕು ವರ್ಷ ಟೆಲಿಫೋನ್ ತಂತಿಗಳನ್ನು ಬೆಸೆದ ಅವನ ಕಾವುಕಡ್ಡಿಯನ್ನು ಹಂಡೆಗೆ ಎಷ್ಟು ಒತ್ತಿದರೂ ಬೆಸುಗೆ ಕರಗದು. ಕಡ್ಡಿ ಕೊಟ್ಟ ಬಿಸಿಯನ್ನೆಲ್ಲ ಹಂಡೆ ಹೀರಿಕೊಂಡು ತಣ್ಣಗೆ ಕುಳಿತಿತ್ತು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಒಂದು ತಿಂಗಳಿಂದ ಅವನು ಹುಡುಕುತ್ತಿದ್ದ ಜಗತ್ತಿನ ಅತ್ಯುತ್ತಮ ಹೀಟ್ ಸಿಂಕ್ ಸಿಕ್ಕಿತ್ತು, ಬೇಡವಾದ ಹೊತ್ತಿನಲ್ಲಿ. ಹಿಂದೆ ಬಂದು ನಿಂತಿದ್ದ ವಾಲ್ಮಾ ಬೆಸುಗೆಯ ಸುರುಳಿಯನ್ನು ಎತ್ತಿ ಓದಿದಳು.

"ಇದರಲ್ಲಿ ಸೀಸ ಇದೆ. ಗಂಡ ಸತ್ತವರಿಗೆ ಪುಡಿಂಗ್ ಕೊಡೋದು, ಅವರನ್ನೂ ಗಂಡನ ಹತ್ತಿರ ಕಳಿಸೋಕಲ್ಲ."

ಶುಕ್ರವಾರ ಬೆಳಗ್ಗೆ ರೋಲಿಯನ್ನು ಕರೆಯದೆ ವಿಧಿಯಿರಲಿಲ್ಲ. ರೋಲಿ ಹೊಲದ ಯಂತ್ರಗಳಿಗೆ ಬೆಸುಗೆ ಹಾಕಿ ಬದುಕಿದವನು. ದೊಡ್ಡ ಗ್ಯಾಸ್ ಟಾರ್ಚ್, ಬೆಳ್ಳಿಯ ಬೆಸುಗೆ ಕಡ್ಡಿ, ಅಪ್ಪನ ಕಾಲದ ತಾಮ್ರದ ರಿವೆಟ್ಟುಗಳ ಡಬ್ಬಿ, ಎಲ್ಲ ಅವನ ಹತ್ತಿರವಿತ್ತು. ಹಂಡೆಯೊಳಗೆ ಇಣುಕಿ, ತೂತಿನಲ್ಲಿ ಕೈ ತೂರಿಸಿ ಒಲೆಯೊಳಗೆ ಬೆರಳಾಡಿಸಿದ. ನಗುತ್ತಾನೆಂದು ಡೆನ್ಜಿಲ್ ಕಾದ. ರೋಲಿ ನಗಲಿಲ್ಲ.

"ಮರ್ಲ್ ವರ್ಷಾ ವರ್ಷಾ ಹೇಳ್ತಿದ್ಲು, ಎಲ್ವಾಳ ಹಂಡೆ ಹಂಗೆ, ಎಲ್ವಾಳ ಹಂಡೆ ಹಿಂಗೆ ಅಂತ. ನಾನು ಪೇಪರ್ ಓದ್ತಾ ಹ್ಞೂಂ ಅಂತಿದ್ದೆ. ಇವತ್ತೇ ಕಣೋ ಇದನ್ನ ನೋಡಿದ್ದು."

ಆಮೇಲೆ ರೋಲಿ, ಕತ್ತರಿಸಿದ ತುಂಡಿನಿಂದ ಪ್ರಯೋಜನವಿಲ್ಲ, ತೂತಿಗಿಂತ ದೊಡ್ಡದಾದ ಹೊಸ ತಾಮ್ರದ ಹಾಳೆ ಬೇಕು, ಒಳಗಿನಿಂದ ಇಟ್ಟು ರಿವೆಟ್ ಹೊಡೆದು ಸುತ್ತ ಬೆಸೆಯಬೇಕು ಎಂದ. ಡೆನ್ಜಿಲ್ ಕಡೀನಾಕ್ಕೆ ಕಾರು ಓಡಿಸಿದ. ಹಿಂದಿನ ತಿಂಗಳು ಹತ್ತುವುದಿಲ್ಲವೆಂದಿದ್ದ ಅಂಗಡಿಗಳ ಮೆಟ್ಟಿಲನ್ನೆಲ್ಲ ಹತ್ತಿ ಇಳಿದ. ನೆಲವನ್ನೇ ಬಗೆದು ಹಡಗುಗಟ್ಟಲೆ ತಾಮ್ರ ಕಳಿಸಿದ ಆ ಸೀಮೆಯಲ್ಲಿ ಸ್ಲೇಟಿನಗಲ ತಾಮ್ರ ಸಿಗಲಿಲ್ಲ. ಬರುವ ಬುಧವಾರ ಬರುತ್ತದೆ ಎಂದರು.

ಬರಿಗೈಯಲ್ಲಿ ಬಂದು ಮುಂಬಾಗಿಲು ತೆರೆದಾಗ ವಾಲ್ಮಾ ನಡುಮನೆಯಲ್ಲಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಅವಳ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅವಳ ಎದುರಿಗೆ, ಗೋಡೆಯ ಮೇಲೆ, ಡೆನ್ಜಿಲನ ನಿವೃತ್ತಿಯ ದಿನ ಟೆಲಿಫೋನ್ ಕಚೇರಿಯವರು ಕೊಟ್ಟ ಫಲಕವಿತ್ತು. ಆ ಊರಿನಲ್ಲಿ ಯಾರಿಗೆ ಏನು ಕೊಟ್ಟರೂ ತಾಮ್ರದಲ್ಲೇ ಕೊಡುತ್ತಾರೆ. ಸ್ಲೇಟಿನಷ್ಟು ಅಗಲ, ಒಳ್ಳೆ ದಪ್ಪ. 'ಡೆನ್ಜಿಲ್ ಟ್ರೆಝೈಸ್ ಅವರಿಗೆ, ಮೂವತ್ತನಾಲ್ಕು ವರ್ಷಗಳ ನಿಷ್ಠೆಯ ಸೇವೆಗಾಗಿ.' ಪ್ರತಿ ಶನಿವಾರ ಅದನ್ನು ನಿಂಬೆಹುಳಿ ಹಾಕಿ ಹೊಳೆಯುವಂತೆ ಉಜ್ಜುತ್ತಿದ್ದವಳು ವಾಲ್ಮಾ.

ಅದು ತನ್ನದೆಂದು ಡೆನ್ಜಿಲನಿಗೆ ಹೇಳಬೇಕೆನಿಸಿತು. ಹಿತ್ತಲಿನಿಂದ ರೋಲಿ ಟಾರ್ಚ್ ಹೊತ್ತಿಸಿದ ಸದ್ದು ಕೇಳಿಸಿತು. ಮುಂದೆ ಹೋಗಿ ಕುರ್ಚಿಯನ್ನು ಅಲುಗದಂತೆ ಹಿಡಿದುಕೊಂಡ.

"ಬಲಗಡೆ ಸ್ಕ್ರೂ ಬಿಗಿ ಇದೆ. ಜೋರಾಗಿ ತಿರುಗಿಸು" ಎಂದ.

ಅಕ್ಷರ ಒಲೆಯ ಕಡೆ ಇರಲೋ ನೀರಿನ ಕಡೆ ಇರಲೋ ಎಂದು ರೋಲಿ ಕೇಳಿದ. ಒಲೆಯ ಕಡೆ ಎಂದು ಡೆನ್ಜಿಲ್ ಹೇಳುವಷ್ಟರಲ್ಲಿ ವಾಲ್ಮಾ, "ಮೇಲಕ್ಕೆ. ಓದೋಕೆ ಬರೋ ಹಾಗೆ" ಎಂದಳು. ಕತ್ತರಿಸಿದ ತುಂಡನ್ನು ಏನು ಮಾಡಲಿ ಎಂದು ಡೆನ್ಜಿಲ್ ಅಂಜುತ್ತ ಕೇಳಿದಾಗ ಮಾತ್ರ ಅವಳ ದನಿ ಸ್ವಲ್ಪ ಮೆತ್ತಗಾಯಿತು. ಅದು ಮತ್ತೆ ಯಂತ್ರಕ್ಕೇ ಹೋಗಲಿ, ಆ ಹೆಂಗಸರ ಹೆಸರು ಬರೆಯುವಾಗ ಅವರ ಹಂಡೆಯೇ ಬಿಸಿ ತಡೆದುಕೊಳ್ಳಲಿ, ಅದಕ್ಕೆ ಅಭ್ಯಾಸವಿದೆ ಎಂದಳು.

ಶನಿವಾರ ಬೆಳಗ್ಗೆ ಏಳು ಗಂಟೆಗೆ ಸಂಘದ ಹೆಂಗಸರು ಬಂದರು. ಎಲ್ಲರಿಗಿಂತ ಹಿರಿಯಳಾದ ಗ್ಲೆನಿಸ್ ಮುಚ್ಚಳ ಎತ್ತಿ, ಕನ್ನಡಕ ಸರಿಮಾಡಿಕೊಂಡು, ತಳದಲ್ಲಿದ್ದುದನ್ನು ಗಟ್ಟಿಯಾಗಿ ಓದಿದಳು. ಹೆಂಗಸರೆಲ್ಲ ನಕ್ಕ ನಗೆಗೆ ಜಗಲಿಯ ಗಿಳಿಗಳು ಹಾರಿದವು. ಬೆಸುಗೆ ಬಿಡುತ್ತದೋ ಹಿಡಿಯುತ್ತದೋ ನೋಡಿಕೊಳ್ಳಲು ಒಬ್ಬರು ಹಂಡೆಯ ಬಳಿಯೇ ಇರಬೇಕಿತ್ತು. ಯಾರೆಂದು ಯಾರೂ ಕೇಳಲಿಲ್ಲ. ವಾಲ್ಮಾ ಸೌದೆಯ ತಳ್ಳುಗಾಡಿಯನ್ನು ಗಂಡನ ಕಡೆ ತಿರುಗಿಸಿದಳು, ಅಷ್ಟೆ.

ಆರು ಗಂಟೆಯ ಕೆಲಸ. ಒಲೆ ಆರಬಾರದು, ಉರಿ ಏರಬಾರದು. ಅರ್ಧ ಗಂಟೆಗೊಮ್ಮೆ ನೀರು ತುಂಬಬೇಕು. ತಣ್ಣೀರಾದರೆ ಪುಡಿಂಗ್ ಕೆಟ್ಟಿತು, ಕುದಿಯುವ ನೀರೇ ಬೇಕು. ಅಡುಗೆಮನೆಯಿಂದ ಕೆಟಲ್ ಹಿಡಿದು ಹನ್ನೊಂದು ಹೆಜ್ಜೆ ಬರುವುದು, ಹನ್ನೊಂದು ಹೆಜ್ಜೆ ಹೋಗುವುದು. ಹೊರಗೆ ಮೂವತ್ತೆಂಟು ಡಿಗ್ರಿ ಬಿಸಿಲು, ಒಳಗೆ ಎಷ್ಟೋ. ಹಬೆಯಲ್ಲಿ ಡೆನ್ಜಿಲನಿಗೆ ತನ್ನ ಕೈಯೇ ಕಾಣಲಿಲ್ಲ. ಬಾಗಿಲ ಹೊರಗಿದ್ದವರಿಗೆ ಅವನ ಕೆಮ್ಮಷ್ಟೇ ಕೇಳುತ್ತಿತ್ತು. ಮೂರನೆಯ ಗಂಟೆಯಲ್ಲಿ ಅವನ ಅಂಗೈ ಕೆಂಪಾಯಿತು. ನಾಲ್ಕನೆಯದರಲ್ಲಿ, ಇದೇ ಕೈಯನ್ನು ತಾನು ಹಿಂದೆ ಎಲ್ಲಿ ನೋಡಿದ್ದೆನೆಂದು ನೆನಪಾಗಿ, ಕೆಟಲ್ ಕೆಳಗಿಟ್ಟು ಆ ಕೈಯನ್ನೇ ನೋಡಿದ.

"ಬೇರೆ ವರ್ಷ ಇಲ್ಲಿ ಯಾರು ಕೂತಿರ್ತಿದ್ರು?" ಎಂದು ಬಾಗಿಲಿಗೆ ಬಂದು ಕೇಳಿದ.

ಹಿತ್ತಲಿನ ಪೆಪ್ಪರ್ ಮರದ ನೆರಳಲ್ಲಿ, ಚಪ್ಪಲಿ ಬಿಚ್ಚಿ, ಚಹಾ ಹಿಡಿದು ಕುಳಿತಿದ್ದ ವಾಲ್ಮಾ ಕೈಯೆತ್ತಿದಳು, ಶಾಲೆಯಲ್ಲಿ ಹಾಜರಿ ಹೇಳುವಂತೆ.

ಮಧ್ಯಾಹ್ನ ರೋಲಿ ಬಂದ. ಆ ದಿನ ಅವನೂ ಏಡಿಗೆ ಹೋಗಿರಲಿಲ್ಲ. ಇಬ್ಬರೂ ಕೋಲಿನ ಎರಡು ತುದಿ ಹಿಡಿದು ಹನ್ನೆರಡು ಗಂಟುಗಳನ್ನು ಎತ್ತಿದರು. ಬಿಸಿನೀರು ಮುಖಕ್ಕೆ ಹನಿಯಿತು. ಗಂಟುಗಳು ತೊಲೆಯ ಮೇಲೇರಿದವು. ಕೊನೆಯದನ್ನು ವಾಲ್ಮಾ ರೋಲಿಯ ಕೈಗೇ ಕೊಟ್ಟಳು. ಮರ್ಲ್ ಹಾಕುತ್ತಿದ್ದಂಥದೇ ಗಂಟು ಹಾಕಲು ಎಲ್ಲರೂ ಪ್ರಯತ್ನಿಸಿ, ಯಾರಿಗೂ ಸರಿಯಾಗಿ ಬಂದಿಲ್ಲವೆಂದು ಗ್ಲೆನಿಸ್ ಒಪ್ಪಿಕೊಂಡಳು. ರೋಲಿ ಗಂಟನ್ನು ತಿರುಗಿಸಿ ನೋಡಿ, "ಇಲ್ಲ, ಬಂದಿದೆ" ಎಂದ. ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು.

ಹಂಡೆಯ ನೀರು ಖಾಲಿಯಾಯಿತು. ಒಂದು ಹನಿಯೂ ಸೋರಿರಲಿಲ್ಲ. ಬೂದಿ ತೆಗೆದು, ನೆಲ ತೊಳೆದು ಡೆನ್ಜಿಲ್ ನಡು ನೆಟ್ಟಗೆ ಮಾಡಿದಾಗ ಅವನ ಹಳೆಯ ದನಿ ಮೆಲ್ಲಗೆ ತಲೆಯೆತ್ತಿತು.

"ನೋಡು ವಾಲ್, ಇವತ್ತಿನ ಸೇವೆಗೆ ಆ ಹಲಗೆ ಮೇಲೆ ನನ್ನ ಹೆಸರನ್ನೂ ಹಾಕಬಹುದು. ಏನಂತೀಯ?"

ವಾಲ್ಮಾ ಹಂಡೆಯೊಳಗೆ ಬಗ್ಗಿದಳು. ಆರು ಗಂಟೆ ಕುದಿದ ತಾಮ್ರ ಹೊಸದರಂತೆ ಹೊಳೆಯುತ್ತಿತ್ತು.

"ನಿನ್ನ ಹೆಸರು ಇಲ್ಲೇ ಇದೆಯಲ್ಲ" ಎಂದಳು. ಮುಚ್ಚಳ ಮುಚ್ಚಿ, ಅದರ ಮೇಲೆ ಜೆರೇನಿಯಂ ಕುಂಡ ಇಟ್ಟಳು. "ಮೂವತ್ತನಾಲ್ಕು ವರ್ಷ ಅಂತ ಬರೆದಿದೆ. ಇವತ್ತಿಗೆ ಒಂದಾಯ್ತು."